ನೀರಿಗಿಂತ ಮೊದಲು ಸುದ್ದಿ

ನವಿ ಮುಂಬಯಿಯ ತುರ್ಭೆಯಲ್ಲಿ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮದ (ಎಂಐಡಿಸಿ) ಪಟ್ಟಿಯ ಕಾರ್ಖಾನೆಗಳಿಗೂ ಅವುಗಳ ಸುತ್ತ ಬೆಳೆದ ವಸತಿಗಳಿಗೂ ಬರುವ ನೀರು ದೂರದ ಬದಲಾಪುರದ ಆಚೆ, ಮುರ್ಬಾಡ್ ಕಡೆಯ ಗುಡ್ಡಗಳ ನಡುವೆ ನಿಂತ ನೀರು. ಅಲ್ಲಿ ಬಾರವಿ ನದಿಗೆ ಎಂಐಡಿಸಿ ಕಟ್ಟಿಸಿದ ಅಣೆಕಟ್ಟಿದೆ. ಅಲ್ಲಿಂದ ಬಿಟ್ಟ ನೀರು ನದಿಯಲ್ಲೇ ಹರಿದು ಉಲ್ಹಾಸ ನದಿಯನ್ನು ಸೇರುತ್ತದೆ. ಜಾಂಭೂಳದಲ್ಲಿ ಅದನ್ನು ಪಂಪಿನಿಂದ ಎತ್ತಿ, ಶುದ್ಧಮಾಡಿ, ದೊಡ್ಡ ಕೊಳವೆಗಳಲ್ಲಿ ಕಲ್ಯಾಣ, ಡೊಂಬಿವಲಿ, ಠಾಣೆ, ಮೀರಾ–ಭಾಯಿಂದರ್‌ಗಳಿಗೆ ಹಂಚುತ್ತಾರೆ. ಠಾಣೆ ಖಾರಿಯ ಈಚೆಯ ಕೈಗಾರಿಕಾ ಪಟ್ಟಿಗೂ ಅದೇ ನೀರು.

ಮಳೆ ಚೆನ್ನಾಗಿ ಹಿಡಿದ ವರ್ಷ ಆಗಸ್ಟ್ ಹೊತ್ತಿಗೆ ಠಾಣೆಯ ಮರಾಠಿ ಪತ್ರಿಕೆಗಳಲ್ಲಿ ಒಂದು ಅಂಕಿ ಕಾಣಿಸಿಕೊಳ್ಳುತ್ತದೆ: 72.60 ಮೀಟರ್. ಬಾರವಿಯ ನೀರು ಆ ಮಟ್ಟ ಮುಟ್ಟಿತೆಂದರೆ ಅಣೆಕಟ್ಟಿನ ಗೇಟುಗಳು ತಾವಾಗಿ ತೆರೆದುಕೊಳ್ಳುತ್ತವೆ. ಯಾರ ಅಪ್ಪಣೆಗೂ ಅವು ಕಾಯುವುದಿಲ್ಲ. ಅದಕ್ಕೇ ನೀರು ಆ ಗೆರೆಗೆ ಇನ್ನೂ ಸ್ವಲ್ಪ ಕೆಳಗಿರುವಾಗಲೇ ಅಸ್ನೋಲಿ, ಪಿಂಪ್ಲೋಳಿ, ಸಾಗಾವ್, ಚೋಣ್, ಕಾರಂದ್, ರಾಹಟೋಲಿ ಊರುಗಳ ಹೆಸರು ಹಿಡಿದು ಎಚ್ಚರಿಕೆ ಹೊರಡುತ್ತದೆ: ಹೊಳೆಗೆ ಇಳಿಯಬೇಡಿ, ದನಕರುಗಳನ್ನು ದಡದಲ್ಲಿ ಬಿಡಬೇಡಿ.

ನವಿ ಮುಂಬಯಿಯ ಉಳಿದ ಬಹುಭಾಗಕ್ಕೆ ನೀರು ಕೊಡುವುದು ಮೊರ್ಬೆ ಅಣೆಕಟ್ಟು. ರಾಯಗಡ ಜಿಲ್ಲೆಯ ಖಾಲಾಪುರದ ಹತ್ತಿರ ಧಾವರಿ ನದಿಗೆ ಕಟ್ಟಿದ ಅದನ್ನು ನವಿ ಮುಂಬಯಿ ಮಹಾನಗರಪಾಲಿಕೆ ಹಣ ಕೊಟ್ಟು ತನ್ನದಾಗಿಸಿಕೊಂಡಿತು. ಸ್ವಂತ ಅಣೆಕಟ್ಟು ಇರುವ ನಗರಸಭೆಗಳು ದೇಶದಲ್ಲಿ ವಿರಳ. 88 ಮೀಟರಿಗೆ ತುಂಬಿದಾಗ ಅದರಲ್ಲಿ ಸುಮಾರು 19 ಕೋಟಿ ಘನ ಮೀಟರ್ ನೀರು ನಿಲ್ಲುತ್ತದೆ. ತುಂಬಿದ ದಿನ ಜಲಪೂಜೆ ನಡೆಯುತ್ತದೆ. ಧಾವರಿ ಮತ್ತು ಪಾತಾಳಗಂಗಾ ದಂಡೆಯ ಊರುಗಳಿಗೆ ಎಚ್ಚರಿಕೆಯೂ ಹೋಗುತ್ತದೆ.

ಹೀಗೆ, ಈ ಎರಡು ಅಣೆಕಟ್ಟುಗಳ ನೀರು ಕುಡಿಯುವವರು ಒಬ್ಬರು, ಅವುಗಳ ಕೆಳಗೆ ಬದುಕುವವರು ಇನ್ನೊಬ್ಬರು. ತುರ್ಭೆಯ ಜನಕ್ಕೆ ಬಾರವಿ ಎಂದರೆ ಕೊಳವೆ, ಟ್ಯಾಂಕರು, ನೀರಿನ ಕಡಿತದ ದಿನ. ಚೋಣ್‌ನವರಿಗೆ ಅದು ತಲೆಯ ಮೇಲೆ ನಿಂತ ನೀರು. ಊರಿಗೆ ಕುಡಿಯುವ ನೀರು ಕೊಡುವ ಅಣೆಕಟ್ಟಿಗೆ ತುರ್ತು ಯೋಜನೆ ಬೇಕು ಎಂಬ ವಿಚಾರ ಬೆಳೆದು ಬಂದದ್ದು ಈ ದೂರವನ್ನು ದಾಟುವ ಪ್ರಯತ್ನದಲ್ಲಿ. ಆ ದೂರವೇ ಇಲ್ಲದ ಒಂದು ಊರು ಪುಣೆ. ಅದು ಯಾವ ನೀರು ಕುಡಿಯುತ್ತಿತ್ತೋ ಅದೇ ನೀರಿನಲ್ಲಿ ಮುಳುಗಿತು.

ಪುಣೆಯ ಖಡಕವಾಸ್ಲಾ ಕಟ್ಟೆ 1870ರ ದಶಕದ್ದು. ಮುಠಾ ನದಿಗೆ ಕಟ್ಟಿದ ಆ ಕಲ್ಲಿನ ಅಣೆಕಟ್ಟಿನ ಹಿಂದಿನ ಕೆರೆಯನ್ನು ಬ್ರಿಟಿಷರು ತಮ್ಮ ಎಂಜಿನಿಯರ್ ಫೈಫ್‌ನ ಹೆಸರಿನಿಂದ ಕರೆಯುತ್ತಿದ್ದರು. ಊರಿಗೂ ದಂಡಿಗೂ ಕುಡಿಯುವ ನೀರು, ಕಾಲುವೆಗಳಿಗೆ ನೀರಾವರಿ, ಎಲ್ಲವೂ ಅಲ್ಲಿಂದಲೇ. ನೀರು ಸಾಲದೆ ಬಂದಾಗ ಕಟ್ಟೆಯನ್ನು ಎತ್ತರಿಸದೆ ಹೆಚ್ಚು ನೀರು ನಿಲ್ಲಿಸುವ ದಾರಿ ತೋರಿಸಿದವರು ಆಗ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿದ್ದ ಎಂ. ವಿಶ್ವೇಶ್ವರಯ್ಯ. ಹೆಚ್ಚುವರಿ ನೀರು ಹರಿದುಹೋಗುವ ಕೋಡಿಯ ಮೇಲೆ ಅವರು 1903ರಲ್ಲಿ ಸ್ವಯಂಚಾಲಿತ ಗೇಟುಗಳನ್ನು ಕೂರಿಸಿದರು. ನೀರು ನಿಗದಿತ ಮಟ್ಟದವರೆಗೆ ಏರುವ ತನಕ ಗೇಟು ಮುಚ್ಚಿದ್ದು ಅಷ್ಟೂ ನೀರನ್ನು ಹಿಡಿದಿಡುತ್ತಿತ್ತು. ಮಟ್ಟ ದಾಟಿದರೆ ನೀರಿನ ಬಲದಿಂದಲೇ ತೆರೆದುಕೊಳ್ಳುತ್ತಿತ್ತು, ಇಳಿದರೆ ಮುಚ್ಚಿಕೊಳ್ಳುತ್ತಿತ್ತು. ಅವರು ಈ ವಿಧಾನಕ್ಕೆ ಪೇಟೆಂಟ್ ಪಡೆದರು. ಗ್ವಾಲಿಯರ್‌ನ ತಿಗ್ರಾದಲ್ಲಿ, ಮುಂದೆ ಕನ್ನಂಬಾಡಿಯಲ್ಲಿ ಅದೇ ತತ್ತ್ವ ಬಳಕೆಗೆ ಬಂತು. ಇವತ್ತು ಬಾರವಿಯಲ್ಲಿ ತಾನಾಗಿ ತೆರೆದುಕೊಳ್ಳುವ ಗೇಟಿನ ತಯಾರಿಕೆ ಬೇರೆ. ಆದರೆ ಮಧ್ಯರಾತ್ರಿ ಮಳೆಯಲ್ಲಿ ಕಾವಲುಗಾರನ ಕೈಯನ್ನು ನಂಬಿ ಕೂರಬಾರದು ಎಂಬ ವಿವೇಕ ಅದೇ.

ಐದು ವರ್ಷಗಳಲ್ಲಿ ಹೈದರಾಬಾದಿನಿಂದ ಕರೆ ಬಂತು. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಊರಿನ ಸಾವಿರಾರು ಜನರನ್ನು ಕೊಂದಿತ್ತು. ನಿಜಾಮ ಸರ್ಕಾರದ ಆಹ್ವಾನದ ಮೇಲೆ ಹೋದ ವಿಶ್ವೇಶ್ವರಯ್ಯ ಊರಿನ ಮೇಲ್ಭಾಗದಲ್ಲಿ ಪ್ರವಾಹವನ್ನು ತಡೆದು ನಿಲ್ಲಿಸುವ ಜಲಾಶಯಗಳನ್ನು ಕಟ್ಟಬೇಕೆಂದರು. 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಮುಗಿದವು. ಎರಡೂ ಹೈದರಾಬಾದಿನ ಬಾಯಾರಿಕೆ ತೀರಿಸಿದವು. ಕುಡಿಯುವ ನೀರಿನ ಅಣೆಕಟ್ಟಿನ ಮೂಲ ಇಕ್ಕಟ್ಟು ಇಲ್ಲಿಯೇ ಕಾಣುತ್ತದೆ. ಪ್ರವಾಹ ತಡೆಯಬೇಕಾದರೆ ಜಲಾಶಯದಲ್ಲಿ ಜಾಗ ಖಾಲಿ ಇರಬೇಕು. ಬೇಸಿಗೆಗೆ ಊರಿಗೆ ನೀರು ಕೊಡಬೇಕಾದರೆ ಅದು ಅಂಚಿನವರೆಗೆ ತುಂಬಿರಬೇಕು. ಮುಂಬಯಿ ಮಹಾಪಾಲಿಕೆ ಪ್ರತಿ ಅಕ್ಟೋಬರ್ 1ಕ್ಕೆ ತನ್ನ ಏಳು ಕೆರೆಗಳಲ್ಲಿ ಎಷ್ಟು ನೀರಿದೆ ಎಂದು ಲೆಕ್ಕ ಹಾಕಿ, ಮುಂದಿನ ಮಳೆಗಾಲದ ತನಕದ ಹಂಚಿಕೆಯನ್ನು ತೀರ್ಮಾನಿಸುತ್ತದೆ. ಆ ದಿನಕ್ಕೆ ಕೆರೆ ತುಂಬಿರಲಿ ಎಂದು ಇಡೀ ನಗರ ಹಾರೈಸುತ್ತಿರುವಾಗ, ಮುನ್ನೆಚ್ಚರಿಕೆಗೆಂದು ನೀರು ಬಿಡುವ ಅಧಿಕಾರಿಗೆ ಗಟ್ಟಿ ಎದೆ ಬೇಕು. ಯಾವ ಮಟ್ಟಕ್ಕೆ ಎಷ್ಟು ಬಿಡಬೇಕೆಂಬ ನಿಯಮ ಮೊದಲೇ ಬರಹದಲ್ಲಿ ಇಲ್ಲದಿದ್ದರೆ ಆ ನಿರ್ಧಾರ ಯಾವಾಗಲೂ ತಡವಾಗುತ್ತದೆ.

ಪುಣೆಗೆ ಮರಳೋಣ. ಊರು ಬೆಳೆಯಿತು, ಖಡಕವಾಸ್ಲಾ ಸಾಲದಾಯಿತು. ಅದರ ಮೇಲ್ಭಾಗದಲ್ಲಿ, ಮುಠಾಕ್ಕೆ ನೀರು ತರುವ ಅಂಬಿ ಹೊಳೆಗೆ ಪಾನಶೇತ್‌ನಲ್ಲಿ ಮಣ್ಣಿನ ಅಣೆಕಟ್ಟು ಏಳತೊಡಗಿತು. 1961ರ ಮಳೆಗಾಲ ಬಂದಾಗ ಕೆಲಸ ಇನ್ನೂ ಮುಗಿದಿರಲಿಲ್ಲ, ಆದರೂ ನೀರು ತುಂಬತೊಡಗಿತು. ಮಣ್ಣಿನ ಏರಿಯ ಅಡಿಯಲ್ಲಿ ನೀರು ಹೊರಬಿಡಲು ಒಂದು ತೂಬುಗಾಲುವೆ ಇತ್ತು. ಅದರ ಗೇಟುಗಳ ಜೋಡಣೆ ಪೂರ್ತಿಯಾಗಿರಲಿಲ್ಲ. ಕಾಲುವೆಯ ಕಟ್ಟಡಕ್ಕೆ ಕಬ್ಬಿಣದ ಸರಳುಗಳ ಆಸರೆ ಇರಲಿಲ್ಲ. ಅರೆಬರೆ ತೆರೆದ ಬಾಯಿಯಿಂದ ನುಗ್ಗಿದ ನೀರಿನ ಹೊಡೆತಕ್ಕೆ ಅದು ಒಳಗೊಳಗೇ ಬಿಚ್ಚಿಕೊಂಡಿತು. ಮೇಲಿನ ಮಣ್ಣು ಜರಿದು ಕೆಳಗಿಳಿಯಿತು, ಏರಿಯ ನೆತ್ತಿ ಅಲ್ಲಿ ಕುಸಿಯಿತು. ಕುಸಿದ ಜಾಗದ ಕಡೆಗೆ ಜಲಾಶಯದ ನೀರು ಏರುತ್ತಲೇ ಇತ್ತು.

ಸೈನಿಕರನ್ನು ಕರೆಸಿದರು. ಜುಲೈ 11ರ ರಾತ್ರಿಯಿಡೀ ಮಳೆಯಲ್ಲಿ ನೆನೆಯುತ್ತ ಅವರು ಕುಸಿದ ಭಾಗದ ಮೇಲೆ ಮರಳಿನ ಚೀಲ ಪೇರಿಸಿದರು. ಅವರ ಆ ಒಂದು ರಾತ್ರಿಯ ದುಡಿಮೆ ಸಾವಿರಾರು ಜೀವ ಉಳಿಸಿತು ಎಂದು ಪುಣೆಯ ಜನ ಇವತ್ತಿಗೂ ನೆನೆಯುತ್ತಾರೆ. ಏರಿ ನಡುರಾತ್ರಿಯಲ್ಲಿ ಒಡೆಯಲಿಲ್ಲ. ಜುಲೈ 12ರ ಬೆಳಗ್ಗೆ ಒಡೆಯಿತು. ಪಾನಶೇತ್‌ನ ನೀರೆಲ್ಲ ಖಡಕವಾಸ್ಲಾದ ಮೇಲೆ ಬಿತ್ತು. ಅಲ್ಲಿನ ಕಲ್ಲುಕಟ್ಟೆಯನ್ನು ಕಟ್ಟಿದವರು ಮಳೆಯ ಪ್ರವಾಹವನ್ನು ಲೆಕ್ಕ ಹಾಕಿದ್ದರು. ತಲೆಯ ಮೇಲೆ ಇನ್ನೊಂದು ಅಣೆಕಟ್ಟು ಇರುತ್ತದೆ, ಅದು ಒಡೆದು ಬರುತ್ತದೆ ಎಂಬ ಲೆಕ್ಕ ಅವರ ಮುಂದೆ ಇರಲಿಲ್ಲ. ಅಂದೇ ಅದೂ ಒಡೆಯಿತು. ಲಕಡಿ ಪೂಲ್ ಮುಳುಗಿತು, ನದಿಯ ಪಕ್ಕದ ಪೇಠೆಗಳು ಮುಳುಗಿದವು, ಡೆಕ್ಕನ್ ಜಿಮಖಾನಾ ಮುಳುಗಿತು. ಸತ್ತವರು ಸುಮಾರು ಸಾವಿರ ಎಂಬುದು ಸಾಮಾನ್ಯವಾಗಿ ಹೇಳುವ ಅಂದಾಜು. ಹಗಲಿನ ಹೊತ್ತು ಆದ್ದರಿಂದ ನೀರು ಏರುವುದು ಕಣ್ಣಿಗೆ ಬಿದ್ದು ಎಷ್ಟೋ ಜನ ಎತ್ತರದ ಜಾಗಗಳಿಗೆ ಓಡಿದರು. ಅದೇ ರಾತ್ರಿಯಾಗಿದ್ದರೆ ಆ ಅಂಕಿ ಎಲ್ಲಿಗೆ ಮುಟ್ಟುತ್ತಿತ್ತೋ.

ಇಲ್ಲಿ ನಿಂತು ನೋಡಬೇಕಾದದ್ದು ಅಣೆಕಟ್ಟು ಏಕೆ ಒಡೆಯಿತು ಎಂಬುದನ್ನಷ್ಟೇ ಅಲ್ಲ. ಅದನ್ನು ವಿಚಾರಣಾ ಆಯೋಗ ನೋಡಿತು. ಏರಿ ಕುಸಿಯುತ್ತಿದೆ ಎಂದು ಗೊತ್ತಾಗಿ ಸೈನಿಕರನ್ನು ಕರೆಸುವಷ್ಟು ಸಮಯ ಸಿಕ್ಕಿತ್ತು. ಒಂದು ಇಡೀ ರಾತ್ರಿ ಕೈಯಲ್ಲಿತ್ತು. ಆ ರಾತ್ರಿ ನಾರಾಯಣ ಪೇಠೆಯಲ್ಲಿ, ಶನಿವಾರ ಪೇಠೆಯಲ್ಲಿ ಜನ ಎಂದಿನಂತೆ ಮಲಗಿದ್ದರು. ನೀರು ಯಾವ ಬೀದಿಯವರೆಗೆ ಏರಬಹುದು ಎಂಬ ನಕ್ಷೆ ಯಾರ ಬಳಿಯೂ ಇರಲಿಲ್ಲ. ಯಾರು ಯಾರಿಗೆ ಹೇಳಬೇಕು, ಯಾವ ಗಳಿಗೆಯಲ್ಲಿ ಊರು ಬಿಡಿಸಬೇಕು ಎಂದು ಬರೆದಿಟ್ಟ ಕಾಗದವೂ ಇರಲಿಲ್ಲ. ಎಂಜಿನಿಯರರು ಏರಿಯನ್ನು ಉಳಿಸಲು ಹೋರಾಡಿದರು. ಊರನ್ನು ಎಬ್ಬಿಸುವ ಕೆಲಸ ಯಾರದೂ ಆಗಿರಲಿಲ್ಲ.

ನೀರು ಇಳಿದ ಮೇಲೆ ಇನ್ನೊಂದು ಸಂಕಟ. ನಲ್ಲಿಗಳು ಒಣಗಿದವು. ನೂರು ವರ್ಷಕ್ಕೆ ಹತ್ತಿರ ಊರಿಗೆ ನೀರುಣಿಸಿದ ಖಡಕವಾಸ್ಲಾ ಬರಿದಾಗಿತ್ತು, ಅದಕ್ಕೆ ಆಸರೆಯಾಗಬೇಕಿದ್ದ ಪಾನಶೇತ್ ಇರಲೇ ಇಲ್ಲ. ಮನೆ ಕಳೆದುಕೊಂಡವರಿಗೆ ಗೋಖಲೆನಗರದಂಥ ಹೊಸ ಬಡಾವಣೆಗಳು ಎದ್ದವು. ಊರು ಹಳೆಯ ಬಾವಿಗಳ ಕಡೆಗೆ ತಿರುಗಬೇಕಾಯಿತು. ಕುಡಿಯುವ ನೀರಿನ ಅಣೆಕಟ್ಟಿನ ತುರ್ತು ಯೋಜನೆಗೆ ಎರಡು ಮುಖ ಇರಲೇಬೇಕು ಎಂಬುದಕ್ಕೆ ಪುಣೆಗಿಂತ ದೊಡ್ಡ ಸಾಕ್ಷಿ ಬೇಡ: ಕೆಳಗಿನವರ ಜೀವ ಒಂದು, ಮರುದಿನ ಬೆಳಗ್ಗೆ ಕೊಡಕ್ಕೆ ನೀರು ಇನ್ನೊಂದು. ಎರಡನೆಯದನ್ನು ನಮ್ಮ ಯೋಜನೆಗಳು ಬಹಳ ಸಲ ಮರೆಯುತ್ತವೆ.

ಖಡಕವಾಸ್ಲಾಕ್ಕೆ ಗೇಟು ಕೂರಿಸಿದ ವಿಶ್ವೇಶ್ವರಯ್ಯ ಆಗ ಇನ್ನೂ ಬದುಕಿದ್ದರು. ಲಾಲ್‌ಬಾಗಿನಲ್ಲಿ ನೆಹರೂ ಅವರ ಸಮ್ಮುಖದಲ್ಲಿ ಶತಮಾನೋತ್ಸವ ನಡೆದು ಹತ್ತು ತಿಂಗಳಾಗಿತ್ತು. 1962ರ ಏಪ್ರಿಲ್‌ನಲ್ಲಿ ಅವರು ತೀರಿಕೊಂಡರು.

ಮೊದಲ ಸಲ ತುಂಬುವಾಗಲೇ ಅಣೆಕಟ್ಟಿಗೆ ಹೆಚ್ಚು ಅಪಾಯ ಎಂಬುದು ಪುಣೆಗೆ ಸುಮಾರು ನೂರು ವರ್ಷ ಮುಂಚೆಯೇ ಲೋಕಕ್ಕೆ ಗೊತ್ತಾಗಿತ್ತು. ಇಂಗ್ಲೆಂಡಿನ ಶೆಫೀಲ್ಡ್ ನಗರಕ್ಕೆ ನೀರು ಕೊಡಲೆಂದು ಕಟ್ಟಿದ ಡೇಲ್ ಡೈಕ್ ಅಣೆಕಟ್ಟು 1864ರ ಮಾರ್ಚ್ 11ರ ರಾತ್ರಿ, ಮೊದಲ ಬಾರಿ ತುಂಬುತ್ತಿರುವಾಗಲೇ, ಒಡೆದು ಸುಮಾರು 240 ಜನ ಸತ್ತರು. ಏರಿಯಲ್ಲಿ ಬಿರುಕು ಕಂಡದ್ದು ಸಂಜೆಯ ಹೊತ್ತಿಗೆ. ಎಂಜಿನಿಯರನನ್ನು ಕರೆತರಲು ಕುದುರೆಯ ಮೇಲೆ ಒಬ್ಬ ಹುಡುಗನನ್ನು ಓಡಿಸಿದರು. ಎಂಜಿನಿಯರ್ ಬಂದ, ತೂಬು ತೆರೆಸಿದ, ಕೋಡಿಯನ್ನು ಮದ್ದಿಟ್ಟು ಒಡೆಯಲು ನೋಡಿದ. ಅಷ್ಟೂ ಹೊತ್ತು ಕೆಳಗಿನ ಕಣಿವೆಯಲ್ಲಿ ಹೆಚ್ಚಿನವರು ನಿದ್ದೆಯಲ್ಲಿದ್ದರು. ಪುಣೆಯ ರಾತ್ರಿಗೂ ಇದಕ್ಕೂ ಎಷ್ಟು ಹೋಲಿಕೆ!

ಇದಕ್ಕೆ ಎದುರಾಗಿ ಅಮೆರಿಕದ ಲಾಸ್ ಏಂಜಲೀಸ್‌ನ ಬಾಲ್ಡ್‌ವಿನ್ ಹಿಲ್ಸ್ ಇದೆ. ಊರ ನಡುವಿನ ಗುಡ್ಡದ ಮೇಲಿದ್ದ ಆ ಕುಡಿಯುವ ನೀರಿನ ಜಲಾಶಯದಲ್ಲಿ 1963ರ ಡಿಸೆಂಬರ್ 14ರ ಬೆಳಗ್ಗೆ ಹನ್ನೊಂದರ ಸುಮಾರಿಗೆ ಕಾವಲುಗಾರನ ಕಿವಿಗೆ ಬಸಿಗಾಲುವೆಯಲ್ಲಿ ನೀರು ಹರಿಯುವ ಸದ್ದು ಎಂದಿನಂತಲ್ಲದೆ ಕೇಳಿಸಿತು. ಅವನು ಮೇಲಿನವರಿಗೆ ತಿಳಿಸಿದ. ಪೊಲೀಸರು ಮನೆಮನೆಗೆ ಹೋಗಿ ಜನರನ್ನು ಎಬ್ಬಿಸಿ ಕಳಿಸಿದರು. ಮಧ್ಯಾಹ್ನ ಮೂರೂವರೆ ದಾಟುವಾಗ ಗೋಡೆ ಒಡೆಯಿತು, ನೂರಾರು ಮನೆ ಹಾಳಾದವು, ಸತ್ತವರು ಐದು ಮಂದಿ. ಅಲ್ಲಿದ್ದ ಸಮಯ ಪಾನಶೇತ್‌ನ ರಾತ್ರಿಗಿಂತ ಕಡಿಮೆ.

ನಮ್ಮಲ್ಲಿ ಇದಕ್ಕೊಂದು ವ್ಯವಸ್ಥೆ ರೂಪುಗೊಂಡದ್ದು 1979ರ ಸುಮಾರಿಗೆ. ಆ ವರ್ಷ ಕೇಂದ್ರ ಜಲ ಆಯೋಗದಲ್ಲಿ ಅಣೆಕಟ್ಟು ಸುರಕ್ಷತೆಗೆಂದೇ ಒಂದು ಘಟಕ ಆರಂಭವಾಯಿತು. ಅದೇ ವರ್ಷದ ಆಗಸ್ಟ್ 11ರಂದು ಗುಜರಾತಿನ ಮೋರ್ಬಿಯ ಮೇಲೆ ಮಚ್ಛು-2 ಅಣೆಕಟ್ಟು ಒಡೆದು ಸಾವಿರಾರು ಜನ ಸತ್ತರು. ಮಳೆಗೆ ತಂತಿ, ಫೋನು ಕೆಟ್ಟು ಕೆಳಗಿನ ಊರಿಗೆ ಸುದ್ದಿ ಮುಟ್ಟಲಿಲ್ಲ. ಮಹಾರಾಷ್ಟ್ರವೂ ನಾಶಿಕದಲ್ಲಿ ತನ್ನ ಅಣೆಕಟ್ಟು ಸುರಕ್ಷತಾ ಸಂಸ್ಥೆಯನ್ನು ಇಟ್ಟುಕೊಂಡಿತು. ಆದರೆ ಆಗ ಹೆಚ್ಚು ಒತ್ತು ಬಿದ್ದದ್ದು ಕಟ್ಟಡದ ತಪಾಸಣೆಗೆ: ಸೋರಿಕೆ ಅಳೆಯುವುದು, ಗೇಟಿಗೆ ಗ್ರೀಸ್ ಹಚ್ಚುವುದು, ಬಿರುಕಿಗೆ ಗುರುತು ಹಾಕುವುದು. ತುರ್ತು ಕ್ರಿಯಾ ಯೋಜನೆಗೆ ಕೇಂದ್ರದ ಮಾರ್ಗಸೂಚಿ ಬಂದದ್ದು 2006ರಲ್ಲಿ, ಅದನ್ನು ವಿಸ್ತರಿಸಿದ್ದು 2016ರಲ್ಲಿ.

ಎಚ್ಚರಿಕೆಗೆ ಕ್ರಮವಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಮುಂಬಯಿ 2005ರಲ್ಲಿ ನೋಡಿತು. ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು, ವಿಹಾರ ಮತ್ತು ಪವಯಿ ಕೆರೆಗಳ ಕೋಡಿ ನೀರೂ ಮಿಠಿ ನದಿಗೆ ಬಂತು. ಎರಡು ದಿನ ಕಳೆದು ಜುಹೂವಿನ ನೆಹರೂನಗರ ಝೋಪಡಪಟ್ಟಿಯಲ್ಲಿ ಗಾಳಿಸುದ್ದಿ ಹಬ್ಬಿತು: ನೀರು ನುಗ್ಗಿ ಬರುತ್ತಿದೆ, ಅಣೆಕಟ್ಟು ಒಡೆದಿದೆ. ಕತ್ತಲಲ್ಲಿ ಇಕ್ಕಟ್ಟಾದ ಗಲ್ಲಿಗಳಲ್ಲಿ ಓಡಿದವರು ಒಬ್ಬರನ್ನೊಬ್ಬರು ತುಳಿದು ಹದಿನೈದಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಮಕ್ಕಳೂ ಇದ್ದರು. ಒಡೆದ ಅಣೆಕಟ್ಟು ಯಾವುದೂ ಇರಲಿಲ್ಲ. ನಂಬಬಹುದಾದ ಒಂದು ದನಿ ಮೊದಲಿನಿಂದ ಪರಿಚಯವಿದ್ದರೆ ಆ ಜನ ಓಡುತ್ತಿರಲಿಲ್ಲ. ಯಾರ ಮಾತಿಗೆ ಮನೆ ಬಿಡಬೇಕು, ಯಾರ ಮಾತಿಗೆ ಬಿಡಬಾರದು ಎಂದು ಮೊದಲೇ ತಿಳಿಸುವುದೂ ತುರ್ತು ಯೋಜನೆಯ ಕೆಲಸವೇ.

2019ರ ಜುಲೈ 2ರ ರಾತ್ರಿ ರತ್ನಾಗಿರಿ ಜಿಲ್ಲೆಯ ಚಿಪಳೂಣ ತಾಲೂಕಿನಲ್ಲಿ ತಿವರೆ ಎಂಬ ಸಣ್ಣ ಅಣೆಕಟ್ಟು ಒಡೆದು ಇಪ್ಪತ್ತರಷ್ಟು ಜನ ಸತ್ತರು. ಅದು ಸೋರುತ್ತಿದೆ ಎಂದು ಊರವರು ಮೊದಲೇ ದೂರು ಕೊಟ್ಟಿದ್ದರು. ಸುದ್ದಿ ಮೇಲಿನಿಂದ ಕೆಳಗೆ ಹೋಗುವುದು ಎಷ್ಟು ಮುಖ್ಯವೋ ಕೆಳಗಿನಿಂದ ಮೇಲಕ್ಕೆ ಹೋಗುವುದೂ ಅಷ್ಟೇ ಮುಖ್ಯ. ದಿನಾ ಏರಿಯ ಮೇಲೆ ದನ ಹೊಡೆದುಕೊಂಡು ಹೋಗುವವನ ಕಣ್ಣಿಗೆ ಕಂಡದ್ದು ವರ್ಷಕ್ಕೆ ಎರಡು ಸಲ ಬರುವ ತಪಾಸಣೆಯವರ ಕಣ್ಣಿಗೆ ಬೀಳದೇ ಹೋಗಬಹುದು.

ಕನ್ನಡ ನಾಡಿನ ಅನುಭವ ಇನ್ನೊಂದು ಬಗೆಯದು. 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿನ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಆ ಒಂದು ಬಾಯಿಯಿಂದಲೇ 35,000 ಕ್ಯೂಸೆಕ್ ನೀರು ಧುಮುಕಿತು. ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆದರು, ನದಿದಂಡೆಯ ಊರುಗಳಿಗೆ ಎಚ್ಚರಿಕೆ ಹೋಯಿತು. ಜಲಾಶಯ ತುಂಬಿದ ಹೊತ್ತು ಅದು. ಕೆಳಗಿನವರ ಭಯ ಪ್ರವಾಹದ್ದಾದರೆ, ಬಳ್ಳಾರಿ, ಕೊಪ್ಪಳ, ರಾಯಚೂರಿನವರ ಭಯ ವರ್ಷದ ನೀರೆಲ್ಲ ಹರಿದುಹೋಗುತ್ತದಲ್ಲ ಎಂಬುದು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ತಂಡ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ತುಂಡುಗಳನ್ನು ಒಂದೊಂದಾಗಿ ಇಳಿಸಿ, ವಾರದೊಳಗೆ ಬಾಯಿ ಮುಚ್ಚಿತು. ಅಣೆಕಟ್ಟು ಬರಿದಾಗಲಿಲ್ಲ. ಇಲ್ಲಿ ಬದಲಿ ಗೇಟು ಸಿದ್ಧವಿರಲಿಲ್ಲ, ಅದನ್ನು ಅವಸರದಲ್ಲಿ ತಯಾರಿಸಬೇಕಾಯಿತು. ತುರ್ತು ಯೋಜನೆಯಲ್ಲಿ ಫೋನ್ ನಂಬರುಗಳ ಜೊತೆ ಉಗ್ರಾಣದ ಪಟ್ಟಿಯೂ ಯಾಕೆ ಇರಬೇಕು ಎಂಬುದನ್ನು ಆ ವಾರ ತೋರಿಸಿತು.

ಅಣೆಕಟ್ಟು ಸುರಕ್ಷತಾ ಕಾಯ್ದೆ ಜಾರಿಗೆ ಬಂದದ್ದು 2021ರ ಡಿಸೆಂಬರ್ 30ರಂದು. ಹೊಸ ಅಣೆಕಟ್ಟನ್ನು ಮೊದಲ ಸಲ ತುಂಬುವ ಮುಂಚೆಯೇ ತುರ್ತು ಕ್ರಿಯಾ ಯೋಜನೆ ಸಿದ್ಧವಿರಬೇಕು ಎನ್ನುತ್ತದೆ ಅದು. ಪಾನಶೇತ್ ಕಲಿಸಿದ ಪಾಠ ಅರುವತ್ತು ವರ್ಷಗಳ ಮೇಲೆ ಹೀಗೆ ಕಾನೂನಿನ ಅಕ್ಷರವಾಯಿತು. ಹಳೆಯ ಅಣೆಕಟ್ಟುಗಳಿಗೆ ಐದು ವರ್ಷದ ಗಡುವು. ಹೊಣೆ ಅಣೆಕಟ್ಟಿನ ಒಡೆಯರದ್ದು. ಹಾಗಾಗಿ ಬಾರವಿಗೆ ಎಂಐಡಿಸಿ, ಮೊರ್ಬೆಗೆ ನವಿ ಮುಂಬಯಿ ಮಹಾನಗರಪಾಲಿಕೆ ಉತ್ತರ ಕೊಡಬೇಕು. ರಸ್ತೆ, ಕಸ, ಶಾಲೆ ನೋಡಿಕೊಳ್ಳುವ ಒಂದು ನಗರಸಭೆ ಪಕ್ಕದ ಜಿಲ್ಲೆಯ ಹಳ್ಳಿಗರ ಜೀವಕ್ಕೂ ಹೊಣೆಯಾಗಿದೆ ಎಂಬುದನ್ನು ವಾಶಿ, ತುರ್ಭೆಗಳ ಎಷ್ಟು ಮಂದಿ ತೆರಿಗೆದಾರರು ಯೋಚಿಸಿರಬಹುದು?

ಇಂಥ ಯೋಜನೆಯ ಹೊಟ್ಟೆಯೊಳಗೆ ಇರಬೇಕಾದ್ದು ಇಷ್ಟು. ಅಣೆಕಟ್ಟು ಒಡೆದರೆ ನೀರು ಎಲ್ಲಿಯವರೆಗೆ, ಎಷ್ಟು ಹೊತ್ತಿಗೆ, ಎಷ್ಟು ಎತ್ತರಕ್ಕೆ ಮುಟ್ಟುತ್ತದೆ ಎಂಬ ಮುಳುಗಡೆ ನಕ್ಷೆ. ನೀಲಿ, ಕಿತ್ತಳೆ, ಕೆಂಪು ಎಂಬ ಎಚ್ಚರಿಕೆಯ ಮೆಟ್ಟಿಲುಗಳು: ಇಲಾಖೆಯೊಳಗೆ ಕಣ್ಣಿಡುವ ಹಂತದಿಂದ ಜನರನ್ನು ಕೂಡಲೇ ಹೊರಡಿಸುವ ಹಂತದವರೆಗೆ. ಯಾರು ಯಾರಿಗೆ ಫೋನ್ ಮಾಡಬೇಕು ಎಂಬ ಸರಪಳಿ, ಜಿಲ್ಲಾಧಿಕಾರಿಯಿಂದ ತಹಶೀಲ್ದಾರರಿಗೆ, ಅಲ್ಲಿಂದ ತಲಾಠಿ ಮತ್ತು ಪೊಲೀಸ್ ಪಾಟೀಲರವರೆಗೆ. ಈ ಸರಪಳಿಯ ಕೊನೆಯ ಕೊಂಡಿಯೇ ಬಹಳ ಸಲ ಸಡಿಲ. ಕಳೆದ ವರ್ಷದ ತಲಾಠಿ ವರ್ಗವಾಗಿರುತ್ತಾರೆ, ಪಟ್ಟಿಯಲ್ಲಿ ಅವರ ನಂಬರೇ ಉಳಿದಿರುತ್ತದೆ. ಮಳೆಗಾಲಕ್ಕೆ ಮುಂಚೆ ಪ್ರತಿ ನಂಬರಿಗೂ ಒಮ್ಮೆ ಕರೆ ಮಾಡಿ ನೋಡುವುದಕ್ಕೆ ಕೋಟಿಗಟ್ಟಲೆ ಹಣ ಬೇಡ. ತುರ್ಭೆಯ ಕಡೆಗೆ ಬೇಕಾದ ಪುಟಗಳೂ ಉಂಟು: ಬಾರವಿ ಒಂದು ತಿಂಗಳು ನೀರು ಕೊಡದಿದ್ದರೆ ಮೊರ್ಬೆಯಿಂದ ಎಷ್ಟು ತಿರುಗಿಸಬಹುದು, ಟ್ಯಾಂಕರು ಮೊದಲು ಯಾವ ವಸತಿಗೆ, ಆಗ್ರಿ, ಕೋಳಿ ಸಮುದಾಯಗಳ ಹಳೆಯ ಊರುಗಳ ಕೆರೆಬಾವಿಗಳಲ್ಲಿ ಬಳಸಬಹುದಾದ ನೀರು ಎಲ್ಲೆಲ್ಲಿ ಉಳಿದಿದೆ.

ತುರ್ಭೆಯ ಕಲ್ಲುಕ್ವಾರಿಗಳಿಗೆ, ಕಟ್ಟಡದ ಕೆಲಸಕ್ಕೆ, ಮಾರ್ಕೆಟ್ಟಿನ ಹಮಾಲಿಗೆ ಕಲಬುರಗಿ, ಯಾದಗಿರಿ, ವಿಜಯಪುರದಿಂದ ಬಂದು ನೆಲೆನಿಂತ ಕನ್ನಡಿಗರಿಗೆ ಈ ಸಂಗತಿ ಇನ್ನೊಂದು ದಾರಿಯಿಂದಲೂ ಹತ್ತಿರ. ಪಾನಶೇತ್ ಮತ್ತು ಖಡಕವಾಸ್ಲಾದಿಂದ ಹೊರಟ ಮುಠಾ, ಮುಳಾವನ್ನು ಕೂಡಿ ಭೀಮೆಯನ್ನು ಸೇರುತ್ತದೆ. ಭೀಮೆ ಸೊಲ್ಲಾಪುರ ಜಿಲ್ಲೆಯ ಉಜನಿ ಜಲಾಶಯದಲ್ಲಿ ನಿಂತು, ಸೊಲ್ಲಾಪುರ ಊರಿಗೆ ಕುಡಿಯುವ ನೀರು ಕೊಟ್ಟು, ಅಲ್ಲಿಂದ ಇಂಡಿ, ಅಫಜಲಪುರ, ಜೇವರ್ಗಿಗಳ ಕಡೆಗೆ ಇಳಿಯುತ್ತದೆ. 2020ರ ಅಕ್ಟೋಬರ್‌ನಲ್ಲಿ ಮಳೆ ಹುಚ್ಚೆದ್ದು ಸುರಿದು, ಉಜನಿ ಮತ್ತು ವೀರ್ ಅಣೆಕಟ್ಟುಗಳಿಂದ ನೀರು ಬಿಟ್ಟಾಗ, ಅಫಜಲಪುರ ತಾಲೂಕಿನ ಸೊನ್ನ ಬ್ಯಾರೇಜ್ ದಾಟಿದ ಪ್ರವಾಹ ಭೀಮಾ ತೀರದ ಊರೂರನ್ನೇ ಮುಳುಗಿಸಿತು. ರಕ್ಷಣೆಗೆ ಸೈನ್ಯ ಬರಬೇಕಾಯಿತು. 2025ರ ಸೆಪ್ಟೆಂಬರ್ ಕೊನೆಯಲ್ಲಿ ಅದೇ ತೀರ ಮತ್ತೆ ನೀರಿನಡಿ ಹೋಯಿತು.

ಬಾರವಿಯ ಕೆಳಗಿನ ಊರುಗಳಿಗೆ ಸಿಗುವ ಸಮಯ ಕಡಿಮೆ. ಭೀಮೆಯಲ್ಲಿ ಹಾಗಲ್ಲ, ಉಜನಿಯಲ್ಲಿ ಬಿಟ್ಟ ನೀರು ಕಲಬುರಗಿ ಜಿಲ್ಲೆ ಮುಟ್ಟಲು ದಿನದ ಲೆಕ್ಕದ ಸಮಯ ಹಿಡಿಯುತ್ತದೆ. ಕಬ್ಬಿಣದ ಪೆಟ್ಟಿಗೆ, ಕಾಳಿನ ಚೀಲ, ದನಕರು ಎತ್ತರದ ಜಾಗ ಸೇರಲು ಅಷ್ಟು ಸಮಯ ಸಾಕು. ಆದರೆ ಆ ಸುದ್ದಿ ಪಂಢರಪುರದಿಂದ ಗಡಿ ದಾಟಿ, ಮರಾಠಿಯಿಂದ ಕನ್ನಡಕ್ಕೆ ಬಂದು, ಒಂದು ರಾಜ್ಯದ ನೀರಾವರಿ ಇಲಾಖೆಯಿಂದ ಇನ್ನೊಂದು ರಾಜ್ಯದ ಗ್ರಾಮ ಪಂಚಾಯತಿಗೆ ಇಳಿಯಬೇಕು. ಕಾಯ್ದೆ ಕೊಟ್ಟ ಐದು ವರ್ಷಗಳ ಗಡುವು 2026ರ ಡಿಸೆಂಬರ್ 30ಕ್ಕೆ ಮುಗಿಯುತ್ತದೆ. ಉಜನಿಯ ತುರ್ತು ಯೋಜನೆಯ ಫೋನ್ ಪಟ್ಟಿ ಸೊಲ್ಲಾಪುರ ಜಿಲ್ಲೆಯ ಗಡಿಗೆ ನಿಲ್ಲದೆ ಅಫಜಲಪುರದ ಊರುಗಳ ಹೆಸರು ಹಿಡಿದು ಮುಂದುವರಿಯಬೇಕೆಂದು ಕೇಳುವ ಹಕ್ಕು ಎರಡೂ ದಡದವರಿಗೆ ಇದೆ.